ನೆರಳೂರಿನಿಂದ ಸುಹಾಸನ ಬ್ಯಾಚಿಗೆ

ನೆರಳೂರು, ಎಡೆದೊರೆ ಬಯಲು
2037ನೇ ಇಸವಿ, ನೂರಾ ಹನ್ನೆರಡನೆಯ ಸಲ, ಏಪ್ರಿಲ್ ತಿಂಗಳು

ಕಂಪ್ಯೂಟರ್ ಸೈನ್ಸ್ ಓದುತ್ತಿರುವ ಎಲ್ಲರಿಗೂ,

ಮೇಲಿನ ತಾರೀಖು ನೋಡಿ ನಗಬೇಡಿ. ಅದು ನಿಮ್ಮದೇ ಕೊಡುಗೆ. ನಮ್ಮ ಊರಿನ ಕಂಬಗಳೊಳಗೆ ನಿಮ್ಮ ಕಾಲದವರು ಕೂಡಿಸಿಟ್ಟ ಅಗ್ಗದ ಯಂತ್ರಗಳಿಗೆ 2038ರ ಜನವರಿ ದಾಟಲು ಬರುವುದಿಲ್ಲ. ಸೆಕೆಂಡು ಎಣಿಸುವ ಜಾಗ ಅಲ್ಲಿಗೆ ತುಂಬಿಹೋಗುತ್ತದೆ. ಇದು ನಿಮಗೆ ಕಾಲೇಜಿನಲ್ಲಿ ಹೇಳಿಕೊಟ್ಟ ವಿಷಯ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡ ವಿಷಯ. ಸರಿಪಡಿಸುವ ಹೊತ್ತಿಗೆ ಮಾತ್ರ ನಿಮಗೆಲ್ಲ ಬೇರೆ ಕೆಲಸ ಸಿಕ್ಕಿತ್ತು. ಆದ್ದರಿಂದ ಪ್ರತಿ ಡಿಸೆಂಬರ್ ಕೊನೆಗೆ ನಮ್ಮವರು ಕಂಬ ಹತ್ತಿ ಯಂತ್ರಗಳ ಗಡಿಯಾರವನ್ನು ಒಂದು ವರ್ಷ ಹಿಂದಕ್ಕೆ ತಿರುಗಿಸಿ ಬರುತ್ತಾರೆ. ನಾನು ಹುಟ್ಟಿದ್ದು 2037ರಲ್ಲಿ. ನನ್ನ ಅಜ್ಜಿ ಸತ್ತದ್ದೂ 2037ರಲ್ಲಿ.

ದೂರದ ಕಾಲದಿಂದ ಬರೆಯುವವರು ತಮ್ಮ ಮಾತು ವಿಚಿತ್ರವೆನಿಸಿದರೆ ಮನ್ನಿಸಿ ಎಂದು ಮೊದಲೇ ಕೇಳಿಕೊಳ್ಳುವುದು ಮರ್ಯಾದೆಯಂತೆ. ನಿಮ್ಮ ಕಾಲದ ಕನ್ನಡವನ್ನು ನಾನು ನಿಮ್ಮ ಮೀಟಿಂಗುಗಳ ಧ್ವನಿಮುದ್ರಣ ಕೇಳಿ ಕಲಿತೆ. ಅದರೊಳಗೆ ಕನ್ನಡ ಎಷ್ಟಿತ್ತೆಂಬುದು ನಿಮಗೇ ಗೊತ್ತು. ಆದ್ದರಿಂದ ಈ ಪತ್ರದ ಭಾಷೆ ಕೆಟ್ಟಿದ್ದರೆ ಮನ್ನಿಸಿ ಎನ್ನಬೇಕಾದವಳು ನಾನಲ್ಲ. ಇನ್ನು, ಈ ಪತ್ರ ಇಷ್ಟು ವರ್ಷ ಹಿಂದಕ್ಕೆ ಹೇಗೆ ಬಂತು ಎಂದು ಕೇಳಬೇಡಿ. ಅದು ನನ್ನ ವಿಭಾಗವಲ್ಲ. ಹೀಗೆ ಉತ್ತರ ಕೊಡುವುದನ್ನೂ ನಿಮ್ಮಿಂದಲೇ ಕಲಿತಿದ್ದೇನೆ.

ನನ್ನ ಹೆಸರು ಹುಲಿಗೆವ್ವ. ನಾನು ಆಲಿಕೆಯವಳು. ಆಲಿಕೆ ಎಂದರೆ ಏನೆಂದು ಹೇಳಬೇಕಾಗುತ್ತದೆ. ನಿಮ್ಮಲ್ಲಿ ಒಬ್ಬ ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಹಾರುವ ಮುಂಚೆ, ತಾನು ಬರೆದದ್ದನ್ನು ಮುಂದೆ ನೋಡಿಕೊಳ್ಳುವವರಿಗೆ ವಿವರಿಸಿ ಹೋಗುವ ಪದ್ಧತಿ ಇತ್ತು. ಅದನ್ನು ನೀವು ಕೆಟಿ ಎಂದಿರಿ. ಹೋಗುವವನ ಮನಸ್ಸು ಆಗಲೇ ಹೊಸ ಆಫೀಸಿನ ಕ್ಯಾಂಟೀನಿನಲ್ಲಿ ಇರುತ್ತಿತ್ತು, ಕೇಳುವವರು ಇನ್ನೊಂದು ಕಿವಿಯಲ್ಲಿ ಇನ್ನೊಂದು ಮೀಟಿಂಗು ಇಟ್ಟುಕೊಂಡಿರುತ್ತಿದ್ದರು. ರೆಕಾರ್ಡ್ ಆಗುತ್ತಿದೆ, ಆಮೇಲೆ ನೋಡಿಕೊಂಡರಾಯಿತು ಎಂದು ಇಬ್ಬರಿಗೂ ಸಮಾಧಾನ. ಆಮೇಲೆ ಯಾರೂ ನೋಡಲಿಲ್ಲ. ಈಗ ನೋಡುತ್ತಿರುವವರು ನಾವು. ನಿಮ್ಮ ಯಂತ್ರಗಳು ನಮ್ಮ ಊರುಗಳನ್ನು ನಡೆಸುತ್ತವೆ, ಅವು ಯಾಕೆ ಹೀಗೆ ನಡೆಸುತ್ತವೆ ಎಂದು ತಿಳಿಯಲು ನಮಗೆ ಉಳಿದಿರುವುದು ಈ ಕೆಟಿಗಳು ಮಾತ್ರ. ದಿನವಿಡೀ ಕೂತು ಅವನ್ನು ಕೇಳುವುದು ನನ್ನ ವೃತ್ತಿ. ನಿಮ್ಮ ಕೆಮ್ಮು, ನಿಮ್ಮ ಮನೆಯ ಕುಕ್ಕರಿನ ಕೂಗು, "ನನ್ನ ಸ್ಕ್ರೀನ್ ಕಾಣ್ತಿದೆಯಾ, ಕಾಣ್ತಿದೆಯಾ" ಎಂಬ ಹಲುಬಾಟ, ಎಲ್ಲವನ್ನೂ ನನ್ನ ತಾಯಿಯ ಲಾಲಿಗಿಂತ ಹೆಚ್ಚು ಸಲ ಕೇಳಿದ್ದೇನೆ.

ನಮ್ಮ ಸಂಗ್ರಹದಲ್ಲಿ ಕೆಟಿಗಳ ನಡುವೆ ಹೇಗೋ ಸೇರಿಕೊಂಡ ಒಂದು ಭಾಷಣವೂ ಇದೆ. ಯಾವುದೋ ಕಾಲೇಜಿನ ಸಭಾಂಗಣ. ಮಾತನಾಡುವವರು ವೃತ್ತಿ ಮಾರ್ಗದರ್ಶಕರಂತೆ, ಗಂಟಲು ಬಲು ಚೆನ್ನಾಗಿದೆ. ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಯಾವ ಯಾವ ಕ್ಷೇತ್ರಗಳ ಬಾಗಿಲು ತೆರೆದಿದೆ ಎಂದು ಅವರು ಸಾರುತ್ತಾ ಹೋಗುತ್ತಾರೆ. ಡೇಟಾ ಸೈನ್ಸ್ ಅನ್ನುತ್ತಾರೆ, ಕೃತಕ ಬುದ್ಧಿಮತ್ತೆ ಅನ್ನುತ್ತಾರೆ, ಕ್ಲೌಡ್, ಸೈಬರ್ ಭದ್ರತೆ, ಗೇಮ್ ತಯಾರಿಕೆ, ಮೊಬೈಲ್ ಆ್ಯಪ್ ಅನ್ನುತ್ತಾರೆ. ಒಂದೊಂದು ಹೆಸರಿಗೂ ಚಪ್ಪಾಳೆ. ಕೊನೆಗೆ ಒಬ್ಬ ಹುಡುಗಿ ಎದ್ದು, ಸಣ್ಣ ದನಿಯಲ್ಲಿ, "ಸರ್, ಮೇಂಟೆನೆನ್ಸ್ ಫೀಲ್ಡ್ ಹೇಗೆ ಸರ್?" ಎಂದು ಕೇಳುತ್ತಾಳೆ. ಸಭಾಂಗಣ ಗೊಳ್ಳೆಂದು ನಗುತ್ತದೆ. "ಅದು ಫೀಲ್ಡ್ ಅಲ್ಲಮ್ಮ, ಪನಿಶ್‌ಮೆಂಟು!" ಎನ್ನುತ್ತಾರೆ ಮಾರ್ಗದರ್ಶಕರು. ಎಲ್ಲಕ್ಕಿಂತ ಜೋರಾದ ಚಪ್ಪಾಳೆ ಬಿದ್ದದ್ದು ಅದಕ್ಕೆ.

ಆ ಚಪ್ಪಾಳೆಯನ್ನು ನಾನು ಮರೆಯುವುದಿಲ್ಲ. ಎಲೆ ತುಂಬ ಬಡಿಸಿಕೊಂಡು ಉಂಡು, ಉಂಡ ಎಲೆ ಎತ್ತುವುದು ನಮ್ಮ ಅಂತಸ್ತಿಗೆ ಕಡಿಮೆ ಎಂದು ಎದ್ದುಹೋದ ಜನ ನೀವು. ಆ ಎಲೆಗಳ ನಡುವೆ ನಾವು ಸಂಸಾರ ಮಾಡುತ್ತಿದ್ದೇವೆ. ನೀವು ಓದಿದ್ದನ್ನೇ ಓದಿದ ನಮ್ಮ ಮಕ್ಕಳಿಗೆ ಯಾವ ಕ್ಷೇತ್ರಗಳು ತೆರೆದಿವೆ ಎಂದು ಈಗ ನಾನು ಹೇಳುತ್ತೇನೆ, ಕೇಳಿಸಿಕೊಳ್ಳಿ. ಇದಕ್ಕೂ ಚಪ್ಪಾಳೆ ಹೊಡೆಯಿರಿ.

ಸುಳ್ಳುಪಂಚಾಂಗದವರು ಎಂದು ಒಂದು ಪಂಗಡ ಇದೆ. ಗಡಿಯಾರ ಹಿಂದಕ್ಕೆ ತಿರುಗಿಸುವವರು ಅವರೇ. ಇಷ್ಟೇ ಆಗಿದ್ದರೆ ವರ್ಷಕ್ಕೊಂದು ದಿನದ ಕೆಲಸವಾಗುತ್ತಿತ್ತು. ಆದರೆ ನಿಮ್ಮ ಯಂತ್ರಗಳು ಒಂದನ್ನೊಂದು ಸಮಯ ಕೇಳುತ್ತವೆ, ಒಂದಕ್ಕೆ ಅನುಮಾನ ಬಂದರೆ ಉಳಿದವೂ ಮುಷ್ಕರ ಹೂಡುತ್ತವೆ. ಹಾಗಾಗಿ ಅವುಗಳ ನಡುವೆ ಕೂತು, ಅತ್ತೆಗೆ ಒಂದು ಹೇಳಿ ಸೊಸೆಗೆ ಒಂದು ಹೇಳಿ ಮನೆ ಉಳಿಸುವ ಮಧ್ಯಸ್ಥರಂತೆ ಇವರು ವರ್ಷವೆಲ್ಲ ಸುಳ್ಳು ಹೇಳುತ್ತಿರಬೇಕು. ಇನ್ನೊಂದು ಪಂಗಡ ಊಹೆಯವರದು. ನೀವು ಬೀಗ ಹಾಕಿ, ಕೀಲಿಪದ ಯಾರಿಗೂ ಹೇಳದೆ ಸತ್ತಿರಲ್ಲ, ಅದನ್ನು ಊಹಿಸುವವರು. ನಿಮ್ಮ ಮನೆದೇವರುಗಳು, ನಿಮ್ಮ ನಾಯಿಗಳ ಹೆಸರು, ನೀವು ಆರಾಧಿಸಿದ ಸಿನಿಮಾ ನಟರು, ಎಲ್ಲವನ್ನೂ ಅವರು ಬಾಯಿಪಾಠ ಮಾಡುತ್ತಾರೆ. ಪಾಪ, ಬುದ್ಧಿವಂತ ಮಕ್ಕಳು; ಅವರ ಆಯುಷ್ಯವೆಲ್ಲ ದೇವರ ಹೆಸರಿನ ಮುಂದೆ ಒಂದು ಎರಡು ಮೂರು ಹಾಕಿ ನೋಡುವುದರಲ್ಲಿ ಕಳೆಯುತ್ತದೆ.

ತಾನು ಯಂತ್ರವಲ್ಲ ಎಂದು ಯಂತ್ರದ ಮುಂದೆ ಸಾಬೀತು ಮಾಡುವವರು ಮತ್ತೊಂದು ಪಂಗಡ. ನೀರಿನ ತೊಟ್ಟಿ ತೆರೆಯುವ ಮೊದಲು ನಮ್ಮೂರಿನ ಯಂತ್ರ ಒಂದಷ್ಟು ಚಿತ್ರ ತೋರಿಸಿ, ಟ್ರಾಫಿಕ್ ಸಿಗ್ನಲ್ ಎಲ್ಲೆಲ್ಲಿದೆ ಆರಿಸು ಎನ್ನುತ್ತದೆ. ನಮ್ಮಲ್ಲಿ ಟ್ರಾಫಿಕ್ಕೂ ಇಲ್ಲ, ಸಿಗ್ನಲ್ಲೂ ಇಲ್ಲ, ಕಂಡವರ ಮೊಮ್ಮಕ್ಕಳೂ ಬದುಕಿಲ್ಲ. ಕಂಬದ ಮೇಲೆ ಮೂರು ಕಣ್ಣಿನ ದೈವ ಎಂದು ಮಕ್ಕಳಿಗೆ ಗುರುತು ಹೇಳಿಕೊಡುತ್ತೇವೆ. ಆರಿಸಿದ್ದು ತಪ್ಪಾದರೆ ಆ ದಿನ ಓಣಿಗೆ ನೀರಿಲ್ಲ. ಇದನ್ನು ನೀವು ಭದ್ರತೆಯ ಕ್ಷೇತ್ರ ಎಂದು ಕರೆದಿರಿ.

ಕೊನೆಯದು ಕೈಕಾವಲು. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ. ಅದು ಅರ್ಥವಾಗಬೇಕಾದರೆ ಮೊದಲು ಚಪ್ಪರ ಅರ್ಥವಾಗಬೇಕು.

ಎರಡು ಹೊಳೆಗಳ ನಡುವಿನ ಈ ಬಯಲಿನಲ್ಲಿ ನಿಮ್ಮ ಕಾಲಕ್ಕೇ ಬಿಸಿಲು ಹೆಸರಾಗಿತ್ತು. ರಾಯಚೂರಿನ ಕಡೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನೀವು ತಮಾಷೆ ಮಾಡುತ್ತಿದ್ದಿರಂತೆ. ಈಗ ಅದು ತಮಾಷೆಯಾಗಿ ಉಳಿದಿಲ್ಲ. ಮಾರ್ಚಿನಿಂದ ಮೊದಲ ಮಳೆಯವರೆಗೆ ನೆತ್ತಿಯ ಸೂರ್ಯನ ಕೆಳಗೆ ಮೈಯೊಡ್ಡಿದ ಮನುಷ್ಯ, ಹಂಚಿನ ಮೇಲೆ ಒಂದು ರೊಟ್ಟಿ ಬೇಯುವಷ್ಟು ಹೊತ್ತು ತಡೆದಾನು, ಅದಕ್ಕಿಂತ ಹೆಚ್ಚಿಲ್ಲ. ಆದ್ದರಿಂದ ಊರಿಗೆ ಊರೇ ಚಪ್ಪರದ ಕೆಳಗಿದೆ. ಎತ್ತರದ ಕಂಬಗಳ ನಡುವೆ ಬಿಳಿಯ ಹಾಸುಗಳನ್ನು ಪದರ ಪದರವಾಗಿ ಎಳೆದು, ಸೂರ್ಯ ಹೊರಳಿದ ಹಾಗೆ ಅವೂ ಹೊರಳುವಂತೆ ನಿಮ್ಮವರು ಮಾಡಿಟ್ಟರು. ಸಂಜೆ ಮಡಚಿಕೊಳ್ಳುತ್ತದೆ, ಬೆಳಗ್ಗೆ ಬಿಚ್ಚಿಕೊಳ್ಳುತ್ತದೆ. ಕೆಲಸ ಚೆನ್ನಾಗಿಯೇ ಮಾಡಿದ್ದೀರಿ, ಇಲ್ಲವೆನ್ನುವುದಿಲ್ಲ. ಅದರ ಕೆಳಗೆ ನಾವು ಹುಟ್ಟಿದ್ದೇವೆ, ಪುಂಡಿಪಲ್ಲೆ ಬೆಳೆದಿದ್ದೇವೆ, ಮದುವೆಗಳ ಹಂದರ ಹಾಕಿದ್ದೇವೆ. ಹೊಸ ಸೊಸೆಗೆ ಅತ್ತೆ ಮೊದಲು ತೋರಿಸುವುದು ಅಡಿಗೆಮನೆಯನ್ನಲ್ಲ, ನೆರಳಿನ ಗೆರೆಯನ್ನು. ನೆಲದ ಮೇಲೆ ಬಣ್ಣದಲ್ಲಿ ಎಳೆದ ಆ ಗೆರೆ ದಾಟಿ ಮಧ್ಯಾಹ್ನ ಯಾರೂ ಕಾಲಿಡುವುದಿಲ್ಲ. ಚೆಂಡು ಗೆರೆಯಾಚೆ ಹೋದರೆ ಮಕ್ಕಳು ಅದನ್ನು ಸಂಜೆಯವರೆಗೆ ನೋಡುತ್ತಾ ಕೂರುತ್ತಾರೆ.

ಆದರೆ ಬೇಸಿಗೆಯಲ್ಲಿ ಒಮ್ಮೊಮ್ಮೆ, ಉರಿ ಮಧ್ಯಾಹ್ನ, ಯಾವ ಮುನ್ಸೂಚನೆಯೂ ಇಲ್ಲದೆ, ಚಪ್ಪರ ಯಾವುದೋ ಒಂದು ಓಣಿಯ ಮೇಲೆ ತನ್ನಷ್ಟಕ್ಕೆ ತಾನು ತೆರೆದುಕೊಳ್ಳುತ್ತದೆ. ಕೆಟ್ಟು ತೆರೆಯುವುದಲ್ಲ. ನಿಧಾನವಾಗಿ, ಹಾಸಿಗೆ ಸುತ್ತಿದ ಹಾಗೆ ಅಚ್ಚುಕಟ್ಟಾಗಿ ಸುತ್ತಿಕೊಂಡು ತೆರೆಯುತ್ತದೆ. ಹಾಗೆ ಮಾಡು ಎಂದು ನಿಮ್ಮ ಬರಹದಲ್ಲಿ, ನೀವು ಕೋಡ್ ಎನ್ನುತ್ತಿದ್ದದ್ದರಲ್ಲಿ, ಒಂದು ಸಾಲು ಅದಕ್ಕೆ ಹೇಳುತ್ತದೆ. ಸಾಲು ಯಾವುದೆಂದು ನಮಗೆ ಗೊತ್ತು. ಯಾವಾಗ ಅದು ಎಚ್ಚರವಾಗುತ್ತದೆ ಎಂಬುದು, ಬಿಡಿಸಲಾರದ ಒಂದು ಲೆಕ್ಕದ ಹಿಂದೆ ಮರೆಯಾಗಿದೆ. ಯಾಕೆ ಇದೆ ಎಂಬುದು ಬರೆದವನಿಗೆ ಮಾತ್ರ ಗೊತ್ತಿತ್ತು.

ಓಣಿ ತೆರೆದಾಗ ಅದನ್ನು ಕೈಯಿಂದ ಮುಚ್ಚಬೇಕು. ಅದಕ್ಕೆ ಚಪ್ಪರದ ಮೇಲೆ, ಕಂಬದ ತುದಿಯಲ್ಲಿ ಒಂದೊಂದು ಗೂಡು, ಗೂಡಿನಲ್ಲಿ ಒಬ್ಬರು. ಅವರೇ ಕೈಕಾವಲು. ತೆರೆದದ್ದು ಕಂಡ ಕೂಡಲೇ ಒದ್ದೆ ಕಂಬಳಿ ಹೊದ್ದು ಬಿಸಿಲಿಗೆ ಹೊರಬಿದ್ದು, ಹಾಸು ಎಳೆಯುವ ತಿರುಗಣಿ ತಿರುಗಿಸಬೇಕು. ನಿಮ್ಮದೇ ಬರಹ ಕಲಿತವರನ್ನು ಅಲ್ಲಿ ಕೂರಿಸುತ್ತೇವೆ, ಯಾಕೆಂದರೆ ತಿರುಗಣಿ ಹಿಡಿಯುವ ಮುಂಚೆ ಆ ಓಣಿಯ ಯಂತ್ರವನ್ನು ಮಾತಿನಲ್ಲಿ ಒಲಿಸಿ ನಿಲ್ಲಿಸಬೇಕು, ಇಲ್ಲವಾದರೆ ಅದು ಕೈ ಮುರಿಯುತ್ತದೆ. ಹೀಗೆ ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಇದೂ ಒಂದು ಕ್ಷೇತ್ರ. ಎತ್ತರದ ಹುದ್ದೆ.

ನನ್ನ ತಮ್ಮ ಮೌನೇಶ ಕೈಕಾವಲಿನವನಾಗಿದ್ದ. ಹೋದ ಬೇಸಿಗೆಯಲ್ಲಿ ಚಪ್ಪರ ಶಾಲೆಯ ಓಣಿಯ ಮೇಲೆ ತೆರೆಯಿತು. ಮಕ್ಕಳು ಹೊರಗಿದ್ದ ಹೊತ್ತು. ಅವನು ಹೊರಬಿದ್ದು ತಿರುಗಿಸತೊಡಗಿದ. ತಿರುಗಣಿ ತುಕ್ಕು ಹಿಡಿದು ಬಿಗಿಯಾಗಿತ್ತು. ಕೆಳಗಿನಿಂದ ಜನ ಸಾಕು ಇಳಿದು ಬಾ, ಮಕ್ಕಳನ್ನು ಒಳಗೆ ಎಳೆದುಕೊಂಡೆವು ಎಂದು ಕೂಗಿದರಂತೆ. ಒಬ್ಬ ಹುಡುಗಿ ಇನ್ನೂ ಮೂಲೆಯಲ್ಲಿ ಹೆದರಿ ನಿಂತದ್ದು ಮೇಲಿನಿಂದ ಅವನಿಗೆ ಕಾಣುತ್ತಿತ್ತು, ಕೆಳಗಿನವರಿಗೆ ಕಾಣುತ್ತಿರಲಿಲ್ಲ. "ಆತು ಆತು, ಇನ್ನ ಎಲ್ಡು ಸುತ್ತು ಅಷ್ಟ" ಎಂದು ಅವನು ಕೂಗಿ ಹೇಳಿದ್ದು ಇಡೀ ಓಣಿಗೆ ಕೇಳಿಸಿತು. ಎರಡು ಸುತ್ತು ಮುಗಿಸಿದ. ನೆರಳು ಬಿತ್ತು. ಅವನನ್ನು ಸಂಜೆ ಹಗ್ಗ ಕಟ್ಟಿ ಇಳಿಸಿದರು. ನನಗೆ ಅವನೊಬ್ಬನೇ ತಮ್ಮ. ಅವನ ಮುಖ ನೋಡಲು ಬಿಡಲಿಲ್ಲ, ನೋಡಬಾರದು ಅಕ್ಕಾ ಎಂದರು. ಅವತ್ತಿನಿಂದ ನಿಮ್ಮ ದನಿ ಕೇಳಿದರೆ ನನಗೆ ಮೈ ಉರಿಯುತ್ತದೆ, ಮತ್ತು ನಿಮ್ಮ ದನಿ ಕೇಳುವುದೇ ನನ್ನ ಅನ್ನ.

ಗೂಡು ಖಾಲಿ ಇರಬಾರದು ಎಂಬುದು ನೆರಳೂರಿನ ಕಟ್ಟಳೆ. ಒಬ್ಬರು ಬಿದ್ದರೆ ಅದೇ ಮನೆಯಿಂದ ಇನ್ನೊಬ್ಬರು ಏರಬೇಕು, ಅಲ್ಲಿಯವರೆಗೆ ಅಕ್ಕಪಕ್ಕದ ಗೂಡಿನವರು ಸರದಿಯಲ್ಲಿ ಕಾಯುತ್ತಾರೆ. ಇದನ್ನು ಕ್ರೌರ್ಯ ಎಂದು ನೀವು ಮೂಗು ಮುರಿಯಬಹುದು. ಇದು ಇಲ್ಲದಿದ್ದ ಕಾಲದಲ್ಲಿ ಬಡವರ ಮಕ್ಕಳೇ ಏರಿದ್ದರು, ಬಡವರ ಮಕ್ಕಳೇ ಬಿದ್ದಿದ್ದರು, ಅದಕ್ಕೇ ಎಲ್ಲ ಮನೆಗೂ ಪಾಳಿ ಬಂತು. ಬಿದ್ದವರ ಮನೆಗೆ ಬೇಗ ಮರೆವು ಬರುವುದಿಲ್ಲ, ಅವರು ಎಚ್ಚರವಾಗಿ ಕೂರುತ್ತಾರೆ ಎಂಬುದು ಇದರ ಹಿಂದಿನ ಲೆಕ್ಕ. ನನ್ನನ್ನು ಏರಿಸುವುದಿಲ್ಲ, ಆಲಿಕೆಯವರು ಊರಿಗೆ ಕಡಿಮೆ. ಉಳಿದವಳು ನನ್ನ ಮಗಳು ತಾಯಮ್ಮ.

ನಮ್ಮಲ್ಲಿ ಕವಲು ದಿನ ಎಂದು ಒಂದಿದೆ. ಬರಹ ಕಲಿತ ಮಕ್ಕಳು ಹಿರಿಯರ ಮುಂದೆ ನಿಂತು ತಾವು ಯಾವ ಕ್ಷೇತ್ರ ಹಿಡಿಯುತ್ತೇವೆಂದು ಹೇಳುವ ದಿನ. ಕಟ್ಟಳೆ ಇದ್ದರೂ ಬಾಯಿಬಿಟ್ಟು ಬೇಡ ಎಂದವರನ್ನು ಎಳೆದು ಗೂಡಿಗೆ ಹಾಕುವಷ್ಟು ಕಟುಕರಲ್ಲ ನಾವು. ತಾಯಮ್ಮನ ಕಿವಿ ಸೂಕ್ಷ್ಮ, ನನಗಿಂತ ಒಳ್ಳೆಯ ಆಲಿಕೆಯವಳಾಗುತ್ತಿದ್ದಳು. ಹಿಂದಿನ ದಿನವೆಲ್ಲ ಅವಳನ್ನು ಕೂರಿಸಿಕೊಂಡು, ಆಲಿಕೆ ಎನ್ನು, ಬೇಡವಾದರೆ ಊಹೆ ಎನ್ನು, ಏನಾದರೂ ಎನ್ನು ಎಂದು ಗಿಣಿಗೆ ಹೇಳಿದಂತೆ ಹೇಳಿಕೊಟ್ಟಿದ್ದೆ. ಹಿರಿಯರ ಮುಂದೆ ನಿಂತು ಅವಳು ನನ್ನ ಕಡೆ ತಿರುಗಿ, "ಮಾವನ ಗೂಡು ಖಾಲಿ ಐತಿ ಯವ್ವಾ. ನಾನ ಕುಂದರ್ತೀನಿ" ಎಂದಳು. ಇಡೀ ಊರು ಅವಳನ್ನು ಹೊಗಳಿತು. ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡು ಬೋರ್ಯಾಡಿ ಅತ್ತೆ. ನಾಳೆ ಸೂರ್ಯ ಹುಟ್ಟುವ ಮುಂಚೆ ಅವಳು ಏರುತ್ತಾಳೆ.

ಹಾಗಾದರೆ ಆ ಒಂದು ಸಾಲನ್ನು ಅಳಿಸಿಬಿಡಬಾರದೇ ಎಂದು ನಿಮ್ಮಲ್ಲಿ ಜಾಣರಾದವರು ಕೇಳುತ್ತೀರಿ. ಅಳಿಸುವುದು ಸುಲಭ, ನನ್ನ ಕೈಯಲ್ಲೇ ಇದೆ. ಹರಳಹಟ್ಟಿ ಎಂಬ ಊರಿನವರು ಹೀಗೆಯೇ ಅರ್ಥವಾಗದ ಒಂದು ಸಾಲನ್ನು, ಕೆಲಸಕ್ಕೆ ಬಾರದ್ದು ಎಂದು ಅಳಿಸಿದರು. ಆ ವರ್ಷದ ಮೊದಲ ಬಿರುಗಾಳಿಗೆ ಅವರ ಚಪ್ಪರ ಮಡಚಿಕೊಳ್ಳಲಿಲ್ಲ. ಕಂಬಸಮೇತ ಕಿತ್ತುಬಂತು. ಗಾಳಿ ಬಂದಾಗ ಮಡಚು ಎನ್ನುವ ಸಾಲು ಅದಾಗಿತ್ತು, ನೋಡಿದರೆ ಹಾಗೆ ಕಾಣುತ್ತಿರಲಿಲ್ಲ. ಈಗ ಹರಳಹಟ್ಟಿ ಇಲ್ಲ. ಅಂದಿನಿಂದ ಎಲ್ಲ ಊರಿಗೂ ಒಂದೇ ಕಾನೂನು, ಕಾರಣ ತಿಳಿಯದೆ ಸಾಲು ಅಳಿಸಬಾರದು. ನಮ್ಮ ಆಲಿಕೆಯ ಹಿರಿಯ ಖಾಜಾಸಾಬರ ತಾಯಿ ಹರಳಹಟ್ಟಿಯವರು. ಹೋದ ವಾರ ಅವರ ಕಾಲು ಹಿಡಿದೆ. "ಹುಲಿಗೆವ್ವಾ, ನಿನ್ನ ಸಂಕಟ ನನಗ ತಿಳೀವಲ್ದು ಅಂತಲ್ಲ. ಕಾರಣ ಸಿಗೂತನಾ ಆ ಸಾಲು ಮುಟ್ಟಾಂಗಿಲ್ಲ. ಒಂದು ಜೀವಕ್ಕಂತ ಊರ ಜೀವ ಒತ್ತಿ ಇಡಾಕ ಬರೂದಿಲ್ಲ" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು.

ಕಾರಣ ನಮ್ಮ ಕೈಗೆ ಸಿಗುವುದರಲ್ಲಿತ್ತು. ಆ ಸಾಲಿನ ಕೆಟಿ ನಮ್ಮಲ್ಲಿದೆ. ಬರೆದವನ ಹೆಸರು ಸುಹಾಸ್. ಅವನು ಬೇರೆ ಕಂಪನಿಗೆ ಹೋಗುತ್ತಿದ್ದಾನೆ. ಸಪೋರ್ಟ್ ಮಾಡಿ ಮಾಡಿ ಸಾಕಾಯ್ತು, ಇನ್ನೇನಿದ್ದರೂ ಕೃತಕ ಬುದ್ಧಿಮತ್ತೆಯೇ ಎಂದು ಶುರುವಿನಲ್ಲೇ ಹೇಳಿಕೊಳ್ಳುತ್ತಾನೆ. ಅವನ ಜಾಗಕ್ಕೆ ಬಂದವಳು ಸಿಂಚನಾ. ಅವನು ಒಂದೊಂದು ಭಾಗ ತೋರಿಸಿ, ಇದು ನೋಡಿದ್ರೆ ಗೊತ್ತಾಗುತ್ತೆ, ಇದೂ ನೋಡಿದ್ರೆ ಗೊತ್ತಾಗುತ್ತೆ ಎಂದು ಓಡುತ್ತಾನೆ. ಆ ಸಾಲು ಬಂದಾಗ ಅವಳು ತಡೆಯುತ್ತಾಳೆ. ಆ ಹುಡುಗಿಯ ಹೊಟ್ಟೆ ತಣ್ಣಗಿರಲಿ. ಅವರ ಮಾತನ್ನು ಇದ್ದಂತೆ ಇಡುತ್ತೇನೆ.

"ಒಂದ್ನಿಮಿಷ ಸುಹಾಸ್, ಈ ಕಂಡೀಷನ್ ಯಾಕೆ? ಮಧ್ಯಾಹ್ನದ ಹೊತ್ತು ಓಪನ್ ಮಾಡಿಸ್ತಿದೆಯಲ್ಲ?"

"ಓ, ಅದಾ!" ಎಂದು ಅವನು ನಗುತ್ತಾನೆ. "ಅದಕ್ಕೊಂದು ದೊಡ್ಡ ಕಥೆ ಇದೆ. ಅದನ್ನ ಮಾತ್ರ ತೆಗೀಬೇಡಿ, ತೆಗೆದ್ರೆ ಇಶ್ಯೂ ಆಗುತ್ತೆ."

"ಏನ್ ಇಶ್ಯೂ?"

"ಅದನ್ನ ಆಫ್‌ಲೈನ್ ಮಾತಾಡೋಣ. ಬನ್ನಿ, ಟೀ ಕುಡ್ಕೊಂಡು ಬರೋಣ. ರೆಕಾರ್ಡಿಂಗ್ ಸ್ಟಾಪ್ ಮಾಡ್ತೀನಿ."

ಅಷ್ಟೇ. ಅಲ್ಲಿಗೆ ಮುಗಿಯುತ್ತದೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾರಲ್ಲ, ಅವನಿಗೆ ದೊಣ್ಣೆ ತಪ್ಪಿತು. ಅದು ತಿರುಗಿ ಬಂದು ನನ್ನ ತಮ್ಮನಿಗೆ ಬಿತ್ತು. ಆ ದೊಡ್ಡ ಕಥೆಯನ್ನು ಅವನು ಟೀ ಅಂಗಡಿಯಲ್ಲಿ ಅವಳಿಗೆ ಹೇಳಿದನೋ, ಅಥವಾ ಟೀ ಮುಗಿಯುವ ಹೊತ್ತಿಗೆ ಮಾತು ಕ್ರಿಕೆಟ್ಟಿಗೆ ಹೊರಳಿತೋ ನನಗೆ ಗೊತ್ತಿಲ್ಲ. ಹೇಳಿದ್ದರೂ ಅವಳೂ ಒಂದು ದಿನ ಬಿಟ್ಟು ಹೋಗಿರುತ್ತಾಳೆ. ನೀವೆಲ್ಲ ಬಿಟ್ಟು ಹೋಗುವವರೇ.

ಇಶ್ಯೂ ಎಂದನಲ್ಲ, ಯಾವ ಇಶ್ಯೂ? ನಿಮ್ಮ ಸಾವಿರಾರು ಗಂಟೆಗಳ ಮಾತು ಕೇಳಿದವಳು ನಾನು. ಬಟನ್ನಿನ ಬಣ್ಣ ತಪ್ಪಿದರೂ ನೀವು ಅದನ್ನೇ ಅನ್ನುತ್ತೀರಿ, ಆಸ್ಪತ್ರೆಯ ಕರೆಂಟು ಹೋದರೂ ಅದನ್ನೇ ಅನ್ನುತ್ತೀರಿ, ಅದೇ ದನಿಯಲ್ಲಿ. ಒಂದು ವರ್ಷದಿಂದ ನಾನು ಕಾರಣ ಹುಡುಕುತ್ತಿದ್ದೇನೆ. ಹಾಸುಗಳ ಕೆಳಗೆ ಬಿಸಿಗಾಳಿ ಒತ್ತಡ ಕಟ್ಟಿಕೊಳ್ಳುತ್ತದೆ, ಒಂದು ಓಣಿ ತೆರೆದು ಅದನ್ನು ಬಿಡದಿದ್ದರೆ ಇಡೀ ಚಪ್ಪರ ಹರಿಯುತ್ತದೆ ಎಂಬುದು ಕಾರಣವಿರಬಹುದು. ಹಾಗಿದ್ದರೆ ಅವನು ಬಲು ಜಾಣ, ಆ ಸಾಲು ಇಷ್ಟು ವರ್ಷ ಊರನ್ನು ಕಾಪಾಡಿದೆ. ಎಲ್ಲಾದರೂ ಬೆಂಕಿ ಬಿದ್ದರೆ ಹೊಗೆ ಹೊರಹೋಗಲಿ ಎಂದಿರಬಹುದು. ಈ ಎರಡನ್ನು ನಾನು ತಡೆದುಕೊಳ್ಳಬಲ್ಲೆ.

ಮೂರನೆಯ ಕಾರಣವೂ ಇರಬಹುದು, ಅದನ್ನು ನೆನೆದರೆ ನನಗೆ ಅನ್ನ ಇಳಿಯುವುದಿಲ್ಲ. ಚಪ್ಪರ ಉದ್ಘಾಟನೆಗೆ ಯಾರೋ ದೊಡ್ಡವರು ಮಧ್ಯಾಹ್ನ ಬರುವವರಿದ್ದರು, ತೆರೆದು ಮುಚ್ಚಿ ತೋರಿಸಬೇಕಿತ್ತು, ಡೆಮೋಗೆ ಎಂದು ಅವನು ಆ ಸಾಲು ಹಾಕಿದ. ತೆಗೆಯಲು ಮರೆತ. ಆಮೇಲೆ ಅದನ್ನು ತೆಗೆದರೆ ಇನ್ನೆಲ್ಲೋ ಒಂದು ಕೆಂಪು ದೀಪ ಹತ್ತುತ್ತಿತ್ತು, ಯಾರು ಕೂತು ನೋಡುತ್ತಾರೆ ಎಂದು ಹಾಗೇ ಬಿಟ್ಟ. ನನ್ನ ಮೌನೇಶ ಒಂದು ಡೆಮೋಗಾಗಿ ಸುಟ್ಟುಹೋಗಿರಬಹುದು. ಹೀಗಿರಲಾರದು ಎಂದು ನಿಮ್ಮಲ್ಲಿ ಒಬ್ಬರಾದರೂ ಎದೆ ಮುಟ್ಟಿ ಹೇಳಬಲ್ಲಿರಾ? ಹೇಳಲಾರಿರಿ. ನಿಮ್ಮ ಕೆಟಿಗಳಲ್ಲಿ ಇಂಥ ಡೆಮೋ ಸಾಲುಗಳು ಎಷ್ಟು ಸಿಕ್ಕಿವೆಯೆಂದರೆ ಅವಕ್ಕೆ ನಾವು ಬೇರೆಯೇ ಕಪಾಟು ಇಟ್ಟಿದ್ದೇವೆ.

ಸುಹಾಸ್ ಯಾವ ಕಾಲೇಜಿನಲ್ಲಿ ಓದಿದನೋ ನನಗೆ ಗೊತ್ತಿಲ್ಲ. ಈಗ ನಿಮ್ಮ ನಡುವೆ ಎಲ್ಲೋ ಕೂತಿದ್ದಾನೆ. ಕೊನೆಯ ಬೆಂಚಿನಲ್ಲಿ ಕೂತು ಯಾವ ಕ್ಷೇತ್ರಕ್ಕೆ ಹೋದರೆ ಒಳ್ಳೆಯದು ಎಂದು ಗೆಳೆಯರನ್ನು ಕೇಳುತ್ತಿದ್ದಾನೆ. ಕೆಟ್ಟವನಾಗಿರಲಿಕ್ಕಿಲ್ಲ. ಅವನ ನಗು ಕೇಳಿದರೆ ಮನೆಯಲ್ಲಿ ಮುದ್ದಾಗಿ ಬೆಳೆದವನು ಅನ್ನಿಸುತ್ತದೆ. ಅದಕ್ಕಾಗಿ ಅವನನ್ನು ಕ್ಷಮಿಸುತ್ತೇನೆಂದು ತಿಳಿಯಬೇಡಿ. ಅವನು ಯಾರೆಂದು ತಿಳಿಯದ ಕಾರಣ ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ, ಮತ್ತು ಬರೆಯುತ್ತಾ ಬರೆಯುತ್ತಾ ನನಗೆ ತಿಳಿದದ್ದು, ನಿಮ್ಮಲ್ಲಿ ಅವನಲ್ಲದವರು ಕಡಿಮೆ.

ನೀವು ಯಾವ ಕ್ಷೇತ್ರಕ್ಕಾದರೂ ಹಾಳಾಗಿ ಹೋಗಿ. ದೊಡ್ಡ ಕಟ್ಟಡಕ್ಕೆ ಹೋಗಿ, ಹೊರದೇಶಕ್ಕೆ ಹೋಗಿ, ಬುದ್ಧಿಯಿಲ್ಲದ ಯಂತ್ರಕ್ಕೆ ಬುದ್ಧಿ ಕಲಿಸಿ. ಮೇಂಟೆನೆನ್ಸಿಗೆ ಬನ್ನಿ ಎಂದು ನಾನು ಬೇಡುವುದಿಲ್ಲ, ಅಷ್ಟು ದೊಡ್ಡ ಮನಸ್ಸು ನಿಮಗಿಲ್ಲವೆಂದು ಗೊತ್ತು. ನಾನು ಕೇಳುವುದು ಒಂದೇ. ಸುಹಾಸ್, ಆ ದಿನ ಬಂದಾಗ, ಸಿಂಚನಾ ಆ ಪ್ರಶ್ನೆ ಕೇಳಿದಾಗ, ಟೀ ಆಮೇಲೆ ಕುಡಿ. ರೆಕಾರ್ಡಿಂಗ್ ನಿಲ್ಲಿಸದೆ ಕಾರಣ ಹೇಳು. ಒಂದು ವಾಕ್ಯ ಸಾಕು. ಕಾರಣ ನಾಚಿಕೆಗೇಡಿನದಾದರೂ ಹೇಳು, ನಿನ್ನನ್ನು ಯಾರೂ ಬಯ್ಯುವುದಿಲ್ಲ, ಬಯ್ಯುವವಳು ಇನ್ನೂ ಹುಟ್ಟಿರುವುದಿಲ್ಲ.

ನೀನು ಹೇಳಿದ್ದಾದರೆ ನನ್ನ ಹತ್ತಿರವಿರುವ ಆ ಧ್ವನಿಮುದ್ರಣ ಈಗಿನದಕ್ಕಿಂತ ಉದ್ದವಾಗಬೇಕು. ಪತ್ರ ಬರೆಯಲು ಕೂತಾಗಿನಿಂದ ಅದನ್ನು ಮತ್ತೆ ಮತ್ತೆ ಹಚ್ಚಿ ಕೇಳುತ್ತಿದ್ದೇನೆ. ಈ ವಾಕ್ಯ ಬರೆಯುವ ಮುಂಚೆಯೂ ಕೇಳಿದೆ, ಇನ್ನೂ ಟೀಯ ಮಾತಿಗೇ ನಿಲ್ಲುತ್ತದೆ. ಆಚೆ ಕೋಣೆಯಲ್ಲಿ ತಾಯಮ್ಮ ನಾಳೆಗೆಂದು ಕಂಬಳಿ ನೆನೆಹಾಕುತ್ತಿದ್ದಾಳೆ. "ಯಾರಿಗೆ ಬರಿಯಾಕತ್ತಿ ಯವ್ವಾ? ಬರೇ ಬೈಗಳ ಕೇಳಸ್ತಾವಲ್ಲ" ಎಂದು ಅಲ್ಲಿಂದಲೇ ಕೂಗಿ ನಕ್ಕಳು. ಬರೆಯುವಾಗ ನನಗೆ ಬಾಯಿಬಿಟ್ಟು ಹೇಳಿಕೊಳ್ಳುವ ಅಭ್ಯಾಸ. ಯಾರಿಗೂ ಅಲ್ಲ ಎಂದೆ.

ಕಾರಣ ದೊಡ್ಡದಿದ್ದರೆ ಸಾಲು ಉಳಿಯುತ್ತದೆ, ನನ್ನ ಮಗಳು ಏರುತ್ತಾಳೆ, ಹೊಟ್ಟೆಗೆ ಕಲ್ಲು ಕಟ್ಟಿಕೊಂಡು ಕೆಳಗೆ ನಿಲ್ಲುತ್ತೇನೆ. ಕಾರಣ ಡೆಮೋ ಆಗಿದ್ದರೆ ಖಾಜಾಸಾಬರೇ ತಮ್ಮ ಕೈಯಿಂದ ಅಳಿಸುತ್ತಾರೆ, ಊರಿನ ಗೂಡುಗಳೆಲ್ಲ ಇಳಿಯುತ್ತವೆ. ಬೆಳಕು ಹರಿಯುವುದರೊಳಗೆ ಉತ್ತರ ಬರದಿದ್ದರೆ ನಾನು ಯಾರನ್ನೂ ಕೇಳುವುದಿಲ್ಲ. ಸಾಲು ಅಳಿಸುತ್ತೇನೆ. ಅದು ಯಾವ ಕಾರಣಕ್ಕಿತ್ತು ಎಂದು ಆಮೇಲೆ ಎಲ್ಲರಿಗೂ ಗೊತ್ತಾಗುತ್ತದೆ. ಚಪ್ಪರ ಹರಿದು ಬಿದ್ದರೆ, ಉಳಿದವರು ಯಾರಾದರೂ ಇದ್ದರೆ, ಹುಲಿಗೆವ್ವ ಎಂಬವಳು ಮಗಳಿಗಾಗಿ ಊರು ಸುಟ್ಟಳು ಎಂದು ತಲೆತಲಾಂತರ ನನ್ನ ಹೆಸರು ಹಿಡಿದು ಶಪಿಸುತ್ತಾರೆ. ನಿನ್ನ ಹೆಸರು ಯಾರಿಗೂ ಗೊತ್ತಾಗುವುದಿಲ್ಲ.

ಹುಲಿಗೆವ್ವ
ಆಲಿಕೆ ಮನೆ, ನೆರಳೂರು